ಬೆಂಗ್ಳೂರಿನ ಹಳೇ ಸಾಮಾನು ಊರಿನ ತೋಟಕ್ಕೆ ಬೇಕಾ? ಫ್ಯಾಮಿಲಿ ಗ್ರೂಪಿನ ಚರ್ಚೆ

ಬೆಂಗ್ಳೂರು ಭಾವ: ಎಲ್ರೂ ಈ ವಿಡಿಯೋ ಒಮ್ಮೆ ನೋಡಿ. ಮನೆಗೆ ಬೇಡದ ಸಾಮಾನಲ್ಲೇ ಇಡೀ ತೋಟ ಮಾಡಿದ್ದಾರೆ. ಹಳೇ ಫ್ರಿಜ್ಜಲ್ಲಿ ಎರೆಗೊಬ್ಬರ, ಟಯರಲ್ಲಿ ತರಕಾರಿ, ಕೀಟನಾಶಕ ಮದ್ದಿನ ಕ್ಯಾನ್ ಕತ್ತರಿಸಿ ಕೋಳಿಗೆ ನೀರು. ನಾವು ಫ್ಲ್ಯಾಟ್ ಖಾಲಿ ಮಾಡ್ತಾ ಇದ್ದೇವಲ್ಲ, ಟೆಂಪೋ ಮಾಡಿ ಎಲ್ಲ ಊರಿಗೇ ಕಳಿಸ್ತೇನೆ. ಫ್ರಿಜ್ಜು, ಕಾರಿನ ಟಯರು, ಫೋಮ್ ಹಾಸಿಗೆ, ವಾರ್ಡ್‌ರೋಬಿನ ಹಲಗೆ, ಬಾತ್‌ಟಬ್ಬು, ನೀರಿನ ಡ್ರಮ್ಮು, ನಿನ್ನಕ್ಕನ ಹಳೇ ಸೀರೆ ಒಂದು ಮೂಟೆ. ಗುಜ್ರಿಯವ ಕೊಡುವ ಪುಡಿಕಾಸಿಗಿಂತ ತೋಟಕ್ಕಾದ್ರೆ ಒಳ್ಳೇದಲ್ವಾ

ಪುತ್ತೂರು ಚಿಕ್ಕಮ್ಮ: ಒಳ್ಳೇ ಐಡಿಯಾ

ನಾನು: ಭಾವ, ಟೆಂಪೋದವನಿಗೆ ಹೇಳುವ ಮೊದಲು ಸ್ವಲ್ಪ ನಿಲ್ಲಿ. ಡ್ರಮ್ಮು, ಟಬ್ಬು, ಕಾಟನ್ ಸೀರೆ ನನಗೆ ಖಂಡಿತ ಬೇಕು. ಟಯರು, ಫೋಮು, ಹಲಗೆ ಬೇಡ

ಬೆಂಗ್ಳೂರು ಭಾವ: ಎಂತ ಮಾರಾಯ, ಅಷ್ಟು ಜಾಗ ಉಂಟು, ಒಂದು ಮೂಲೆಯಲ್ಲಿ ಬಿದ್ದಿರ್ತದೆ, ಬೇಕಾದಾಗ ಉಪಯೋಗಕ್ಕೆ ಬರ್ತದೆ

ನಾನು: ಆ ಮೂಲೆಯಲ್ಲಿ ಬಿದ್ದಿರುದೇ ತೊಂದರೆ ಭಾವ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ, ಟಯರನ್ನು ನಿಲ್ಲಿಸಿದ್ರೂ ಮಲಗಿಸಿದ್ರೂ ಒಳಗಿನ ಸುತ್ತಿನಲ್ಲಿ ನೀರು ನಿಂತೇ ನಿಲ್ತದೆ, ಒಂದು ವಾರ ಹತ್ತು ದಿನ ಸಾಕು, ಡೆಂಗ್ಯು ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅಲ್ಲೇ ಬೆಳೀತದೆ. ಫೋಮು ಬಿಸಿಲಿಗೆ ಹುಡಿಹುಡಿಯಾಗಿ ಮಣ್ಣಿಗೆ ಸೇರಿದ್ರೆ ಹೆಕ್ಕುದು ಯಾರು

ಬೆಂಗ್ಳೂರು ಭಾವ: ಹಾಗಾದ್ರೆ ನಿನ್ನ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಲ್ಲುದಿಲ್ವಾ? ಅದಕ್ಕೆ ಸೊಳ್ಳೆ ಬರುದಿಲ್ವಾ?

ನಾನು: ಬರ್ತದೆ, ಅದು ಸರಿಯಾದ ಮಾತೇ. ಅದಕ್ಕೇ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದ್ರೂ ಹಾಳೆ ಹೆಕ್ಕಿ ಕವುಚಿ ಹಾಕ್ಲಿಕ್ಕುಂಟು, ಆ ಕೆಲಸಕ್ಕೇ ಜನ ಸಿಗುದಿಲ್ಲ. ಅದರ ಮೇಲೆ ಟಯರು ಯಾಕೆ? ಹಾಳೆ ಬುಡಕ್ಕೆ ಹಾಕಿದ್ರೆ ಗೊಬ್ಬರ ಆಗ್ತದೆ, ಟಯರು ಆಗ್ತದಾ

ಪೆರ್ಲ ಮಾವ: ನಾನೊಂದು ಹೇಳ್ತೇನೆ. ಹಳತನ್ನು ಬಿಸಾಡದೆ ಉಪಯೋಗಿಸುದು ನಮಗೆ ಹೊಸತಲ್ಲ, ಅದಕ್ಕೆ ನನ್ನ ವಿರೋಧ ಇಲ್ಲ. ಆದ್ರೆ ಆ ವಿಡಿಯೋದಲ್ಲಿ ಮದ್ದಿನ ಕ್ಯಾನಲ್ಲಿ ಕೋಳಿಗೆ ನೀರು ಇಟ್ಟದ್ದು ನೋಡಿ ಹೊಟ್ಟೆ ಉರೀತು. ಎಷ್ಟು ತೊಳೆದ್ರೂ ಪ್ಲಾಸ್ಟಿಕ್ಕಿನ ಒಳಗೆ ಮದ್ದಿನ ಅಂಶ ಉಳೀತದೆ. ಕಾಸರಗೋಡಿನ ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ, ಈ ಪಡ್ರೆ, ಸ್ವರ್ಗ ಊರುಗಳ ಕಡೆ, ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅಂತ ಕೀಟನಾಶಕ ಬಿಟ್ಟದ್ದು 2000ದವರೆಗೆ, ಸುಪ್ರೀಂ ಕೋರ್ಟ್ ದೇಶಕ್ಕೇ ನಿಲ್ಲಿಸಿದ್ದು 2011ರಲ್ಲಿ. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿದ ಊರು ಇದು. ಈ ಗ್ರೂಪಲ್ಲಿ ಯಾರೂ ಆ ವಿಡಿಯೋ ಮುಂದೆ ಕಳಿಸ್ಬೇಡಿ

ಬೆಂಗ್ಳೂರು ಭಾವ: ಆ ಕ್ಯಾನಿನ ಭಾಗ ನಾನು ಅಷ್ಟು ಗಮನಿಸ್ಲಿಲ್ಲ ಮಾವ, ಡಿಲೀಟ್ ಮಾಡ್ತೇನೆ

ಅಕ್ಕ: ಫ್ರಿಜ್ಜಾದ್ರೂ ಎರೆಗೊಬ್ಬರಕ್ಕೆ ಆಗುದಿಲ್ವಾ ತಮ್ಮ

ನಾನು: ಆಗ್ತದೆ ಅಕ್ಕ, ಆದ್ರೆ ವಿಡಿಯೋದಲ್ಲಿ ತೋರಿಸಿದ ಹಾಗೆ ಬಾಗಿಲು ಮುಚ್ಚಿ ಅಲ್ಲ, ಎರೆಹುಳಕ್ಕೆ ಗಾಳಿ ಬೇಕು. ಬಾಗಿಲು ಪೂರ್ತಿ ಕಳಚ್ಬೇಕು, ಇಲ್ಲದಿದ್ರೆ ಆಡ್ಲಿಕ್ಕೆ ಬಂದ ಮಕ್ಕಳು ಒಳಗೆ ಹೊಕ್ಕಿ ಬಾಗಿಲು ಹಾಕಿಕೊಂಡ್ರೆ ಉಸಿರು ಕಟ್ತದೆ. ಗ್ಯಾಸನ್ನು ಮೆಕ್ಯಾನಿಕ್ಕೇ ತೆಗೀಬೇಕು, ಹೊಸ ಫ್ರಿಜ್ಜುಗಳಲ್ಲಿ ಆರ್-600ಎ ಅಂತ ಇರ್ತದೆ, ಬೆಂಕಿ ಹಿಡಿಯುವ ಗ್ಯಾಸು. ಇಷ್ಟೆಲ್ಲ ಮಾಡಿದ್ರೂ ನಮ್ಮ ಮಳೆಗೆ ಹೊರಗಿನ ತಗಡು ತುಕ್ಕು ಹಿಡಿದು ಒಳಗಿನ ಫೋಮು ಹೊರಗೆ ಬರ್ತದೆ. ನೆರಳಲ್ಲಿ ಒಂದು ಸಿಮೆಂಟ್ ತೊಟ್ಟಿ ಸಾಕು ನನಗೆ. ತೆಂಗಿನ ಗರಿಗೆ ಹತ್ತರಲ್ಲೊಂದು ಪಾಲು ಸೆಗಣಿ ಸೇರಿಸಿ ಎರೆಗೊಬ್ಬರ ಮಾಡುದನ್ನು ಇಲ್ಲೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳಿಕೊಡ್ತಾರೆ

ಬೆಂಗ್ಳೂರು ಭಾವ: ಮತ್ತೆ ಸೀರೆ ಮಾತ್ರ ಯಾಕೆ? ಅದೂ ಹಳತೇ ಅಲ್ವಾ

ನಾನು: ಹಳತು ಅಂತ ಬೇಡ ಹೇಳಿದ್ದಲ್ಲ ಭಾವ. ತೋಟಕ್ಕೆ ಬಂದದ್ದಕ್ಕೆ ಅಲ್ಲೊಂದು ಕೆಲಸ ಇರ್ಬೇಕು, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗ್ತದೆ ಅಂತಲೂ ಗೊತ್ತಿರ್ಬೇಕು, ಅಷ್ಟೇ. ಒಳ್ಳೆಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಹಬ್ಬಿಸುವಾಗ ಗಂಟು ಗಂಟಿಗೂ ಕಟ್ಲಿಕ್ಕುಂಟಲ್ಲ, ಕಾಟನ್ ಸೀರೆಯನ್ನು ಎರಡು ಬೆರಳು ಅಗಲಕ್ಕೆ ಹರಿದು ಕಟ್ಟಿದ್ರೆ ಬಳ್ಳಿಗೆ ನೋವಾಗುದಿಲ್ಲ, ಗಂಟಿನ ಬೇರು ಮರಕ್ಕೆ ಕಚ್ಚುವವರೆಗೆ ಹಿಡಿದುಕೊಳ್ತದೆ, ಮತ್ತೆ ಮಳೆಗೆ ತಾನೇ ಕೊಳೆತು ಬೀಳ್ತದೆ. ನೈಲಾನ್ ಹಗ್ಗ ಕಟ್ಟಿದ್ರೆ ಬಳ್ಳಿ ದಪ್ಪ ಆದ ಹಾಗೆ ಅದು ಒಳಗೆ ಕೊರೀತದೆ. ಡ್ರಮ್ಮು ಬೋರ್ಡೋ ಮದ್ದು ಮಾಡ್ಲಿಕ್ಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವಂಥದ್ದು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಮಾಡ್ಲಿಕ್ಕಾಗುದಿಲ್ಲ, ತಾಮ್ರ ಎಲ್ಲ ಕಬ್ಬಿಣಕ್ಕೇ ಹಿಡೀತದೆ. ಸುಣ್ಣ ಸಾಕಾಯ್ತಾ ನೋಡ್ಲಿಕ್ಕೆ ಹಳೇ ಚೂರಿ ಅದ್ದುದು ಇದಕ್ಕೇ, ಚೂರಿ ಕೆಂಪಾದ್ರೆ ಇನ್ನೂ ಸುಣ್ಣ ಬೇಕು. ಟಬ್ಬಲ್ಲಿ ದನಕ್ಕೆ ಅಜೋಲ ಬೆಳೆಸ್ತೇನೆ, ನೀರಲ್ಲಿ ತೇಲುವ ಸಣ್ಣ ಸೊಪ್ಪು ಅದು

ಪೆರ್ಲ ಮಾವ: ಡ್ರಮ್ಮು ಎರಡಿದ್ರೆ ನನಗೊಂದು. ತುತ್ತಿಗೆ ಬೇರೆ ಸುಣ್ಣಕ್ಕೆ ಬೇರೆ ಬೇಕಾಗ್ತದೆ

ಬೆಂಗ್ಳೂರು ಭಾವ: ಆಯ್ತು, ಫ್ರಿಜ್ಜು ಇಲ್ಲೇ ಎಕ್ಸ್‌ಚೇಂಜಿಗೆ ಕೊಡ್ತೇನೆ, ಟಯರು ಟಯರಂಗಡಿಗೆ. ಆದ್ರೆ ಹಲಗೆ ವಿಷಯದಲ್ಲಿ ನಾನು ಒಪ್ಪುದಿಲ್ಲ, ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು, ದನದ ಹಟ್ಟಿಯ ಮಾಡಿಗೆ ಅಡ್ಡ ಕೊಟ್ರೂ ಆಗ್ತದೆ

ನಾನು: ಅದು ಮರ ಅಲ್ಲ ಭಾವ, ಮರದ ಹುಡಿಗೆ ಅಂಟು ಹಾಕಿ ಒತ್ತಿದ್ದು. ಹಟ್ಟಿಯ ತೇವಕ್ಕೆ ಊದಿ ಪದರ ಪದರ ಏಳ್ತದೆ. ಒಲೆಗೂ ಹಾಕ್ಲಿಕ್ಕಾಗುದಿಲ್ಲ, ಆ ಅಂಟಿನ ಹೊಗೆ ಒಳ್ಳೇದಲ್ಲ. ಆಮೇಲೆ ಇಲ್ಲಿ ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರ ಹತ್ರ ತಗೊಂಡು ಹೋಗಿ ಅಂತ ಕೇಳ್ಬೇಕಾ? ಫ್ಲ್ಯಾಟಿಗೆ ಬರುವವರಿಗೆ ಬೇಕಾ ಕೇಳಿ ಮೊದಲು

ಅಕ್ಕ: ಕೇಳ್ತೇನೆ. ಸಿಂಥೆಟಿಕ್ಕಿನ ಪೂನಂ ಸೀರೆ ಬೇರೆ ತೆಗೆದಿಡ್ತೇನೆ, ಕಾಟನ್ ಮಾತ್ರ ಕಳಿಸುದು ಅಲ್ವಾ

ನಾನು: ಪೂನಂ ಸೀರೆಯೂ ಒಂದು ನಾಲ್ಕು ಕಳಿಸು ಅಕ್ಕ, ಹಂದಿ ಬರುವ ಕಡೆ ಬೇಲಿಗೆ ಕಟ್ಟುವ. ಕೊಳೆಯದ್ದು ಅಲ್ಲಿಗೇ ಒಳ್ಳೇದು, ಬೆಳೆ ಮುಗಿದ ಮೇಲೆ ಬಿಚ್ಚಿ ಇಡ್ತೇನೆ