ಸಹಾಯ ಬೇಕು: 30 ವರ್ಷ ಆದ್ಮೇಲೆ ಮತ್ತೆ ಬ್ರಷ್ ಹಿಡಿದಿದೀನಿ

ಎಲ್ರಿಗೂ ನಮಸ್ಕಾರ. ನಾನು ಪೆಥಾಲಜಿಸ್ಟ್ (ಅಂಗಾಂಶ, ಕೋಶ ಪರೀಕ್ಷೆ ಮಾಡಿ ರೋಗ ಪತ್ತೆ ಹಚ್ಚೋ ಡಾಕ್ಟ್ರು) ಆಗಿದ್ದೆ, ಹೋದ ವರ್ಷ ರಿಟೈರ್ ಆದೆ. ಎಂಬಿಬಿಎಸ್ ಸೇರೋ ತನಕ ದಿನಾ ಪೇಂಟಿಂಗ್ ಮಾಡ್ತಿದ್ದೆ, ಆಮೇಲೆ ಓದು, ಡ್ಯೂಟಿ, ರಿಪೋರ್ಟು ಅಂತ ಬಿಟ್ಟೇಹೋಯ್ತು, ಆದ್ರೆ ಬಣ್ಣದ ಹುಚ್ಚು ಹೋಗ್ಲಿಲ್ಲ, ಮೈಕ್ರೋಸ್ಕೋಪಲ್ಲಿ ಹೆಮಟಾಕ್ಸಿಲಿನ್ ಅನ್ನೋ ಬಣ್ಣ ಹಿಡಿದ ಕೋಶದ ನ್ಯೂಕ್ಲಿಯಸ್ಸಿನ ನೇರಳೆ, ಸುತ್ತ ಇಯೋಸಿನ್ ಅನ್ನೋ ಇನ್ನೊಂದು ಬಣ್ಣದ ತಿಳಿ ಗುಲಾಬಿ ನೋಡ್ದಾಗೆಲ್ಲ ಇದನ್ನ ಒಂದಿನ ಬರೀಲೇಬೇಕು ಅನ್ಸೋದು. 1906ರಲ್ಲಿ ನೊಬೆಲ್ ಬಂದ ಸ್ಪೇನಿನ ವಿಜ್ಞಾನಿ ಕಹಾಲ್ ನರಕೋಶಗಳನ್ನ ಕೈಯಲ್ಲೇ ಬರೀತಿದ್ರಲ್ಲ, ಆ ಚಿತ್ರ ನೋಡಿದ್ರೆ ಈಗ್ಲೂ ಮೈ ಜುಂ ಅನ್ನತ್ತೆ.

ತೊಂದ್ರೆ ಏನಂದ್ರೆ ಕೈ ಸಡಿಲ ಆಗ್ತಿಲ್ಲ. ವಾಟರ್‌ಕಲರ್ ವಾಶ್ (ನೀರಾಗಿ ಹರಡೋ ತೆಳು ಬಣ್ಣ) ಹಾಕ್ತಾ ಅರ್ಧಕ್ಕೇ ನಿಲ್ಸಿ ಸಣ್ಣ ಬ್ರಷ್ ತಗೊಂಡು ಒಂದೊಂದೇ ಕೋಶದ ಅಂಚು ತಿದ್ದಕ್ಕೆ ಕೂರ್ತೀನಿ, ಅಷ್ಟರಲ್ಲಿ ಉಳಿದಿದ್ದು ಒಣಗಿ ಗೆರೆ ಕೂತಿರತ್ತೆ, ಮತ್ತೆ ನೀರು ಹಚ್ಚಿದ್ರೆ ಕಲೆ. ಪೇಪರ್ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ ದಪ್ಪದ ಲೆಕ್ಕ), ಅದೂ ಉಬ್ಬತ್ತೆ. 300 ಜಿಎಸ್‌ಎಂ ಕಾಟನ್ ಪೇಪರ್ ತಗೊಂಡ್ರೆ ಸಾಕಾ, ಇಲ್ಲ ಅದನ್ನೂ ನೆನೆಸಿ ಬೋರ್ಡಿಗೆ ಅಂಟಿಸ್ಕೋಬೇಕಾ? ವರ್ಷಗಟ್ಲೆ ಬಗ್ಗಿ ಬಗ್ಗಿ ಕತ್ತು ನೋವು ಬೇರೆ ಇದೆ, ಈಸೆಲ್ (ಚಿತ್ರ ನಿಲ್ಲಿಸೋ ಸ್ಟ್ಯಾಂಡ್) ಮೇಲೆ ಮಾಡೋರು ಬೋರ್ಡ್ ಎಷ್ಟು ಓರೆ ಇಟ್ಕೋತೀರಾ?

ತುಂಬ ವರ್ಷ ಬಿಟ್ಟು ಮತ್ತೆ ಶುರು ಮಾಡಿದವ್ರು ಇದ್ರೆ, ಕೈ ಹೇಗೆ ಬಿಡಿಸ್ಕೊಂಡ್ರಿ ಅಂತ ದಯವಿಟ್ಟು ಹೇಳಿ.