ಮನೆಯಲ್ಲಾದರೂ ಹುಳಿಯನ್ನು ಹುಳಿ ಅನ್ನೋಣ

ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆ ಎಂದು ಇಲ್ಲಿ ಹಲವರು ಬೇಸರ ಮಾಡಿಕೊಂಡಿದ್ದೀರಿ. ವಾರಾಂತ್ಯದ ಕನ್ನಡ ತರಗತಿ ಇರಲಿ, ಒಳ್ಳೆಯದೇ. ಅದರ ಜೊತೆಗೆ ಅಡುಗೆಮನೆಯ ಒಂದು ಮಾತನ್ನು ಕೈಬಿಡಬೇಡಿ ಅಂತ ನನ್ನ ಕೋರಿಕೆ. ಹುಳಿ.

ಹಳೇ ಮೈಸೂರು ಕಡೆಯ ನಮ್ಮಂಥ ಮನೆಗಳಲ್ಲಿ ತೊಗರಿಬೇಳೆ, ತರಕಾರಿ, ಹುಣಸೆರಸ, ಹುಳಿಪುಡಿ ಹಾಕಿ ಗಟ್ಟಿಯಾಗಿ ಕುದಿಸಿದ್ದು ಹುಳಿ. ತೆಳ್ಳಗಿದ್ದರೆ ಸಾರು. ಹೊರದೇಶಕ್ಕೆ ಬಂದ ಮೇಲೆ ಇವು ಸಾಂಬಾರ್, ರಸಂ ಆಗಿಬಿಟ್ಟಿವೆ. ಹೋಟೆಲಿನಲ್ಲಿ ಸರಿ, ಮನೆಯಲ್ಲಿ ಯಾಕೆ? ಸಾಂಬಾರ್ ಅಂದರೆ ಮಗುವಿಗೆ ಒಂದು ಅಡುಗೆಯ ಹೆಸರು ಗೊತ್ತಾಗುತ್ತದೆ, ಅಷ್ಟೇ. ಹುಳಿ ಅಂದರೆ ಅದರ ಬೆನ್ನಿಗೇ ಎಷ್ಟೋ ಮಾತು ಬರುತ್ತವೆ.

ನಿಂಬೆಹಣ್ಣು ಹುಳಿ. ಮೊಸರು ಹುಳಿಯಾಗಿದೆ. ಹೊಟ್ಟೆ ಕೆಟ್ಟರೆ ಹುಳಿತೇಗು. ಟೊರೊಂಟೊ ಚಳಿಯಲ್ಲಿ ದೋಸೆಹಿಟ್ಟು ಸುಲಭವಾಗಿ ಉಬ್ಬುವುದಿಲ್ಲ, ಓವನ್ ಒಳಗೆ ಲೈಟ್ ಮಾತ್ರ ಹಾಕಿ ರಾತ್ರಿಯಿಡೀ ಇಡುತ್ತೇವೆ. ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ ನೋಡಿ "ಹುಳಿ ಬಂದಿದೆ ಅಮ್ಮಾ" ಎಂದು ಹೇಳುವ ಕೆಲಸ ಮಗಳದ್ದು. ತಮ್ಮ ಬಂದು ಅವಳ ಆಟ ಕೆಡಿಸಿದರೆ "ಹುಳಿ ಹಿಂಡಬೇಡ್ವೋ" ಅಂತಾಳೆ. ಅದನ್ನು ನಾವು ಪಾಠ ಮಾಡಲಿಲ್ಲ. ಪನೀರ್ ಮಾಡುವಾಗ ಕಾದ ಹಾಲಿಗೆ ನಿಂಬೆ ಹಿಂಡಿದ್ದೇ ತಡ, ಹಾಲು ಒಡೆದು ಗಂಟುಗಂಟಾದದ್ದನ್ನು ಅವಳು ನೋಡಿದ್ದಳು.

ಇಲ್ಲಿ ಹುಟ್ಟಿದ ಮಕ್ಕಳಿಗೆ ಳ ಕಷ್ಟ. "ಇನ್ನೂ ಸ್ವಲ್ಪ ಹುಲಿ ಹಾಕು" ಅಂದಾಗ ಮುದ್ದಾಗಿದೆ ಎಂದು ನಕ್ಕು ಬಿಟ್ಟುಬಿಡುತ್ತೇವೆ, ಅಲ್ವಾ? ಬಿಡಬೇಡಿ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗಿಸುವುದನ್ನು ನಿಮ್ಮ ಬಾಯಿ ತೆರೆದು ತೋರಿಸಿ. ಹುಳಿ ಕೂತರೆ ಬೇಳೆ, ಬಾಳೆಹಣ್ಣು, ಬೆಳ್ಳುಳ್ಳಿ ಎಲ್ಲವೂ ಕೂರುತ್ತವೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೊಂದು ಸಂಗತಿ ಜಾಸ್ತಿ ಹಿಡಿಸುತ್ತದೆ. ಹಳಗನ್ನಡದಲ್ಲಿ ಇದು ಪುಳಿ. ಪಾಲು ಹಾಲಾಯಿತು, ಪಣ್ಣು ಹಣ್ಣಾಯಿತು, ಪುಳಿ ಹುಳಿಯಾಯಿತು. ಆದರೆ ಪುಳಿಯೋಗರೆಯಲ್ಲಿ ಹಳೆಯ ಪ ಹಾಗೇ ಕೂತಿದೆ. ಓಗರ ಅಂದರೆ ಅನ್ನ. ತಮಿಳು ಗೆಳತಿ, ತುಳು ಗೆಳೆಯ ಇವತ್ತಿಗೂ ಪುಳಿ ಎನ್ನುತ್ತಾರೆ. ಮಂಗಳೂರು ಕಡೆಯ ಪುನರ್ಪುಳಿ ಹಣ್ಣು, ಕೊಡಗಿನವರು ಹಂದಿಮಾಂಸದ ಸಾರಿಗೆ ಹಾಕುವ ಕಪ್ಪನೆಯ ಕಾಚಂಪುಳಿ, ಎರಡರಲ್ಲೂ ಅದೇ ಪುಳಿ.

ಉತ್ತರ ಕರ್ನಾಟಕದವರು "ನಮ್ಮಲ್ಲಿ ಹುಳಿ ಅಂದ್ರ ಬರೇ ರುಚಿ" ಅನ್ನಬಹುದು. ನಿಜ. ಹಾಗಾದರೆ ನೀವು ಪುಂಡಿಪಲ್ಯದಿಂದ ಶುರು ಮಾಡಿ. ಪುಂಡಿ ಸೊಪ್ಪು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಗೊಂಗೂರ ಎಂಬ ಹೆಸರಿನಲ್ಲಿ ಸಿಗುತ್ತದೆ. ಎಲೆಯೊಂದನ್ನು ಹಸಿಯಾಗಿಯೇ ಮಗುವಿನ ಬಾಯಿಗೆ ಕೊಟ್ಟು, ಹೇಗಿದೆ ಅಂತ ಕೇಳಿ ನೋಡಿ.