ಮೊಣಕೈಯಲ್ಲಿ ಅಸ್ಥಿರಜ್ಜುವೇ ಇಲ್ಲದ ಆರ್. ಎ. ಡಿಕಿ ಸೈ ಯಂಗ್ ಪ್ರಶಸ್ತಿ ಗೆದ್ದದ್ದು ಹೇಗೆ?

ಪ್ರಶ್ನೆ: ತುಂಗಾತೀರ

ಬೇಸ್‌ಬಾಲ್ ಬಲ್ಲವರಲ್ಲಿ ಒಂದು ವಿನಂತಿ. 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ನಕಲ್ ಬಾಲ್ (ಹೆಚ್ಚುಕಡಿಮೆ ತಿರುಗದೆ ಸಾಗುವ ಎಸೆತ) ಪ್ರಯೋಗಿಸಿದ್ದನ್ನು ನೋಡಿದಾಗಿನಿಂದ ಆ ಎಸೆತದ ಬಗ್ಗೆ ನನಗೆ ಕುತೂಹಲವಿದೆ. ಅದರ ತವರಾದ ಬೇಸ್‌ಬಾಲ್ ಬಗ್ಗೆ ಓದುತ್ತ ಹೋದಂತೆ ಅಮೆರಿಕದ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಆರ್. ಎ. ಡಿಕಿಯವರ ವೃತ್ತಿಜೀವನ ನನ್ನನ್ನು ಹಿಡಿದು ನಿಲ್ಲಿಸಿತು. ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ, ಮೂವತ್ತು ದಾಟುವ ಹೊತ್ತಿಗೆ ಬಹುತೇಕ ಮೂಲೆಗುಂಪಾಗಿದ್ದ ಒಬ್ಬ ಆಟಗಾರ 2012ರಲ್ಲಿ ತನ್ನ ಲೀಗಿನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದದ್ದು ಹೇಗೆ? ಕೈಯ ಆ ದೋಷವೇ ಅವರಿಗೆ ವರವಾಯಿತೆ? ಅಥವಾ ಒಂದು ವರ್ಷ ಅದೃಷ್ಟ ಕೂಡಿಬಂದದ್ದನ್ನೇ ನಾವು ದೊಡ್ಡ ಸಾಧನೆ ಎಂದು ಹೊಗಳುತ್ತಿದ್ದೇವೆಯೆ?

ಉತ್ತರ: ಹಡ್ಸನ್ ದಂಡೆ

ಅದೃಷ್ಟದ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಡಿಕಿಯವರಿಗೆ ಅದು ಒಲಿದದ್ದಕ್ಕಿಂತ ಕೈಕೊಟ್ಟದ್ದೇ ಹೆಚ್ಚು. 1974ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಅವರು ಟೆನೆಸಿ ವಿಶ್ವವಿದ್ಯಾಲಯದ ಪರವಾಗಿ ಆಡಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮೆರಿಕ ತಂಡದಲ್ಲಿದ್ದರು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಟೆಕ್ಸಸ್ ರೇಂಜರ್ಸ್ ತಂಡ ಅವರನ್ನು 18ನೆಯವರಾಗಿ ಆರಿಸಿಕೊಂಡು 8 ಲಕ್ಷ 10 ಸಾವಿರ ಡಾಲರ್ ಕೊಡಲು ಮುಂದೆ ಬಂದಿತ್ತು. ಅಷ್ಟರಲ್ಲಿ ಪತ್ರಿಕೆಯೊಂದರ ಮುಖಪುಟದಲ್ಲಿ ಒಲಿಂಪಿಕ್ ತಂಡದ ಪಿಚರ್‌ಗಳೊಡನೆ ನಿಂತಿದ್ದ ಡಿಕಿಯವರ ಚಿತ್ರದಲ್ಲಿ ಅವರ ಬಲಗೈ ವಿಚಿತ್ರವಾಗಿ ತೂಗುತ್ತಿರುವುದನ್ನು ರೇಂಜರ್ಸ್‌ನ ವೈದ್ಯಕೀಯ ಸಿಬ್ಬಂದಿ ಗಮನಿಸಿದರು. ಪರೀಕ್ಷಿಸಿದಾಗ ಮೊಣಕೈಯ ಒಳಬದಿಯ ಅಸ್ಥಿರಜ್ಜು, ಅಂದರೆ ಚೆಂಡೆಸೆಯುವಾಗ ಕೀಲನ್ನು ಹಿಡಿದಿಡುವ ನಾರಿನ ಪಟ್ಟಿ, ಇಲ್ಲವೇ ಇಲ್ಲ ಎಂದು ತಿಳಿಯಿತು. ಕೊಡುಗೆ 75 ಸಾವಿರ ಡಾಲರ್‌ಗೆ ಇಳಿಯಿತು. ಇಪ್ಪತ್ತೊಂದರ ಹುಡುಗನೊಬ್ಬ ಆ ಕಾಗದಕ್ಕೆ ಸಹಿ ಹಾಕಿ ಕೆಳಹಂತದ ಮೈನರ್ ಲೀಗಿಗೆ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

2001ರಲ್ಲಿ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಬಂದರೂ ಅವರು ನೆಲೆಯೂರಲಿಲ್ಲ. ವೇಗ ಕುಂದುತ್ತಿತ್ತು, ವಯಸ್ಸು ಏರುತ್ತಿತ್ತು. 2005ರಲ್ಲಿ ರೇಂಜರ್ಸ್‌ನ ವ್ಯವಸ್ಥಾಪಕ ಬಕ್ ಶೋವಾಲ್ಟರ್ ಮತ್ತು ಪಿಚಿಂಗ್ ತರಬೇತುದಾರ ಓರೆಲ್ ಹರ್ಷೈಸರ್ ಸೇರಿ ಡಿಕಿಯವರನ್ನು ಕರೆದು, ಪೂರ್ಣಾವಧಿಯ ನಕಲ್ ಬಾಲ್ ಪಿಚರ್ ಆಗುವಂತೆ ಸೂಚಿಸಿದರು. ಅದುವರೆಗೆ ಕಲಿತ ವಿದ್ಯೆಯನ್ನು ಬದಿಗಿಟ್ಟು ಮೂವತ್ತರ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕೂರುವಂಥ ನಿರ್ಧಾರ ಅದು. ಫಲ ಕೂಡಲೇ ಸಿಗಲಿಲ್ಲ. 2006ರ ಏಪ್ರಿಲ್ 6ರಂದು ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ನಾಲ್ಕು ಇನಿಂಗ್ಸ್ ಪೂರ್ತಿಗೊಳಿಸುವ ಮೊದಲೇ ಅವರು ಆರು ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಬಿಟ್ಟುಕೊಟ್ಟು, ಆಧುನಿಕ ಬೇಸ್‌ಬಾಲಿನ ಒಂದು ಕೆಟ್ಟ ದಾಖಲೆಯನ್ನು ಸರಿಗಟ್ಟಿದರು. ಮರುದಿನದಿಂದ ಮತ್ತೆ ಮೈನರ್ ಲೀಗು.

ಮುಂದೆ ಸಿಯಾಟಲ್, ಮಿನೆಸೋಟ ತಂಡಗಳಲ್ಲಿ ಅಲೆದು, 2010ರಲ್ಲಿ ನ್ಯೂಯಾರ್ಕ್ ಮೆಟ್ಸ್ ಸೇರಿದರು. ಆ ವರ್ಷದ ತರಬೇತಿ ಶಿಬಿರದಲ್ಲೂ ಅವರನ್ನು ಬೇಗನೆ ಕೈಬಿಟ್ಟು ಬಫಲೋದ ಮೈನರ್ ಲೀಗ್ ತಂಡಕ್ಕೆ ಕಳುಹಿಸಿದ್ದರು. ಮೇ ತಿಂಗಳಲ್ಲಿ ಕರೆ ಬಂದ ಮೇಲೆ ಮಾತ್ರ ಅವರು ಹಿಂದಿರುಗಿ ನೋಡಲಿಲ್ಲ. 2012ರಲ್ಲಿ 20 ಗೆಲುವು, 6 ಸೋಲು, 230 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು). ಒಂಬತ್ತು ಇನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟ ರನ್ 2.73. ಜೂನ್‌ನಲ್ಲಿ ಸತತ ಎರಡು ಪಂದ್ಯಗಳಲ್ಲಿ ಎದುರಾಳಿಗೆ ತಲಾ ಒಂದೇ ಹಿಟ್ (ಬ್ಯಾಟರ್ ಸುರಕ್ಷಿತವಾಗಿ ಬೇಸ್ ತಲುಪುವ ಹೊಡೆತ) ಕೊಟ್ಟರು. ಆ ವರ್ಷ ಮೆಟ್ಸ್ ಗೆದ್ದದ್ದೇ 74 ಪಂದ್ಯ ಎಂಬುದನ್ನು ನೆನಪಿಟ್ಟರೆ ಆ ಇಪ್ಪತ್ತರ ತೂಕ ತಿಳಿಯುತ್ತದೆ. ಸೈ ಯಂಗ್ ಪ್ರಶಸ್ತಿಗೆ 32 ಮತದಾರರಲ್ಲಿ 27 ಮಂದಿ ಅವರನ್ನೇ ಮೊದಲನೆಯವರೆಂದು ಸೂಚಿಸಿದರು. ನಕಲ್ ಬಾಲನ್ನೇ ನಂಬಿದ ಪಿಚರ್‌ಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಉತ್ತರ: ಗಾಳಿಪಟ

ಮೇಲಿನ ವಿವರಣೆಗೆ ಎರಡು ಮಾತು ಸೇರಿಸಬೇಕು. ಅಸ್ಥಿರಜ್ಜು ಇಲ್ಲದಿರುವುದು ವರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅನೇಕ ಪಿಚರ್‌ಗಳಿಗೆ ಹರಿದುಹೋಗುವ ಆ ಪಟ್ಟಿ ಇವರಲ್ಲಿ ಇಲ್ಲವಾದ್ದರಿಂದ ಹರಿಯುವ ಭಯವಿರಲಿಲ್ಲ, ನಿಜ; ಆದರೆ ಅದರಿಂದ ಅವರ ಎಸೆತಕ್ಕೆ ಯಾವ ವಿಶೇಷ ಗುಣವೂ ಬರಲಿಲ್ಲ, ಬಂದದ್ದು ಬಡತನ ಮತ್ತು ಅನುಮಾನ.

ಗುಣವಿದ್ದದ್ದು ಎಸೆತದ ರೀತಿಯಲ್ಲಿ. ಮಾಮೂಲಿ ವೇಗದ ಎಸೆತ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ದರದಲ್ಲಿ ಹೋಗುತ್ತದೆ. ನಕಲ್ ಬಾಲನ್ನು ಉಗುರಿನ ತುದಿಯಿಂದ ಚರ್ಮಕ್ಕೆ ಒತ್ತಿ ಹಿಡಿದು, ಮಣಿಕಟ್ಟನ್ನು ಬಿಗಿಯಾಗಿಟ್ಟು ತಳ್ಳುವುದರಿಂದ ಅದು ಬ್ಯಾಟರ್‌ನನ್ನು ತಲುಪುವಷ್ಟರಲ್ಲಿ ಒಂದೆರಡು ಸುತ್ತು ತಿರುಗಿದರೆ ಹೆಚ್ಚು. ತಿರುಗದ ಚೆಂಡಿನ ಹೊಲಿಗೆಗೆ ಗಾಳಿ ಒಂದು ಬದಿ ಒಂದು ಬಗೆಯಾಗಿ, ಇನ್ನೊಂದು ಬದಿ ಇನ್ನೊಂದು ಬಗೆಯಾಗಿ ತಾಗಿದಾಗ ಅದು ದಾರಿಯಲ್ಲೇ ಓಲಾಡುತ್ತದೆ. ಎಸೆದವನಿಗೂ ಅದರ ಗತಿ ತಿಳಿಯದು. ಇದೇ ಎಸೆತಕ್ಕೆ ಹೆಸರಾಗಿದ್ದ ಪಿಚರ್ ಟಿಮ್ ವೇಕ್‌ಫೀಲ್ಡ್ ಅದನ್ನು ಗಂಟೆಗೆ ಸುಮಾರು 65 ಮೈಲಿಯಲ್ಲಿ ಎಸೆಯುತ್ತಿದ್ದರೆ ಡಿಕಿ 75ರಿಂದ 80 ಮೈಲಿಯಲ್ಲಿ ಎಸೆದರು. ಓಲಾಟವನ್ನು ಉಳಿಸಿಕೊಂಡೇ ಬ್ಯಾಟರ್‌ಗೆ ಯೋಚಿಸುವ ಸಮಯವನ್ನು ಕಡಿಮೆ ಮಾಡಿದ್ದು ಅವರ ಸ್ವಂತ ಕೊಡುಗೆ. ಕ್ರಿಕೆಟ್‌ನಲ್ಲಿ ನಾವು ನೋಡುವ ನಕಲ್ ಬಾಲ್ ಬ್ಯಾಟರ್‌ನ ಲೆಕ್ಕ ತಪ್ಪಿಸಲು ಆಗಾಗ ಬಳಸುವ ನಿಧಾನದ ಎಸೆತ. ಡಿಕಿ ಹೆಚ್ಚುಕಡಿಮೆ ಪ್ರತಿ ಎಸೆತವನ್ನೂ ಹೀಗೆಯೇ ಹಾಕುತ್ತಿದ್ದರು.

ಉತ್ತರ: ಮರಳಿ ಯತ್ನ

ಈ ಚರ್ಚೆಯಲ್ಲಿ ಗುರುಗಳ ಹೆಸರು ಬಾರದಿದ್ದರೆ ಅನ್ಯಾಯವಾಗುತ್ತದೆ. ಹಳೆಯ ನಕಲ್ ಬಾಲ್ ಪಿಚರ್ ಚಾರ್ಲಿ ಹಫ್, ಡಿಕಿಯವರ ಹಿಡಿತ ಮತ್ತು ದೇಹಭಂಗಿಯನ್ನು ತಿದ್ದಿದರು. ಅದೇ ಎಸೆತದಿಂದ 318 ಪಂದ್ಯ ಗೆದ್ದ ಫಿಲ್ ನೀಕ್ರೊ ಸಲಹೆ ಕೊಟ್ಟರು. ವೇಕ್‌ಫೀಲ್ಡ್ ಎದುರಾಳಿ ತಂಡದಲ್ಲಿದ್ದುಕೊಂಡೇ ತಮಗೆ ತಿಳಿದದ್ದನ್ನು ಮುಚ್ಚಿಡದೆ ಹೇಳಿದರು. ಒಂದೊಂದು ಕಾಲಕ್ಕೆ ಬೆರಳೆಣಿಕೆಯಷ್ಟು ಜನರೇ ಬಲ್ಲ ವಿದ್ಯೆ ಹೀಗೆ ಕೈಯಿಂದ ಕೈಗೆ ದಾಟಿದ್ದು ನನಗೆ ಈ ವೃತ್ತಾಂತದ ಅತ್ಯಂತ ಹೃದ್ಯವಾದ ಭಾಗ.

2012ರ ಡಿಸೆಂಬರ್‌ನಲ್ಲಿ ಮೆಟ್ಸ್ ಅವರನ್ನು ಟೊರಾಂಟೊ ಬ್ಲೂ ಜೇಸ್‌ಗೆ ಕೊಟ್ಟಿತು. ಆ ಎಸೆತವನ್ನು ಹಿಡಿಯಬಲ್ಲ ಕ್ಯಾಚರ್ ಜೋಶ್ ತೋಲ್ ಕೂಡ ಜೊತೆಗೆ ಹೋದರು. ಅಲ್ಲಿ ಡಿಕಿ 2012ರ ಎತ್ತರವನ್ನು ಮತ್ತೆ ಮುಟ್ಟಲಿಲ್ಲ ಎಂಬುದನ್ನೇ ಹಿಡಿದು ಕೆಲವರು ಅವರನ್ನು ಒಂದು ವರ್ಷದ ಅಚ್ಚರಿ ಎನ್ನುತ್ತಾರೆ. ಆ ತೀರ್ಪು ನನಗೆ ಸರಿಕಾಣುವುದಿಲ್ಲ. 2010 ಮತ್ತು 2011ರಲ್ಲೂ ಅವರ ರನ್ ಸರಾಸರಿ ಕ್ರಮವಾಗಿ 2.84, 3.28 ಇತ್ತು. 2013ರಲ್ಲಿ ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಪಡೆದರು. 2017ರಲ್ಲಿ ಅಟ್ಲಾಂಟಾ ಬ್ರೇವ್ಸ್ ಪರವಾಗಿ ಕೊನೆಯ ಋತು ಆಡಿದಾಗ ಅವರ ವಯಸ್ಸು 42, ಗೆಲುವು 10. ಒಟ್ಟು 120 ಗೆಲುವು, 118 ಸೋಲು ಎಂಬ ಲೆಕ್ಕದಲ್ಲಿ ಹೆಚ್ಚುಕಡಿಮೆ ಗೆಲುವಿನಷ್ಟೇ ಸೋಲೂ ಕಾಣುತ್ತದೆ ಎನ್ನುವವರು, ಮೂವತ್ತೈದರವರೆಗೆ ಅವರಿಗೆ ಸ್ಥಿರವಾದ ಸ್ಥಾನವೇ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ ಭಾರತಕ್ಕೆ ಸಂಬಂಧಿಸಿದ್ದು. 2012ರ ಜನವರಿಯಲ್ಲಿ ಅವರು ಕಿಲಿಮಂಜಾರೊ ಏರಿದ್ದು, ಮುಂಬೈಯಲ್ಲಿ ಮಾನವ ಕಳ್ಳಸಾಗಣೆಗೆ ಬಲಿಯಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಹಣ ಕೂಡಿಸಲು. ಮರುವರ್ಷ ತಮ್ಮ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮುಂಬೈಗೂ ಬಂದಿದ್ದರು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ಸಂದೇಹ: ಇಷ್ಟು ಫಲ ಕೊಟ್ಟ ವಿದ್ಯೆಯನ್ನು ಇಂದಿನ ಯುವಕರು ಏಕೆ ಕಲಿಯುತ್ತಿಲ್ಲ?

ಉತ್ತರ: ಹಡ್ಸನ್ ದಂಡೆ

ತಂಡಗಳು ಹುಡುಗರನ್ನು ಅಳೆಯುವುದು ಮೊದಲು ವೇಗದಿಂದ, ಮತ್ತು ನಕಲ್ ಬಾಲ್ ಹದಕ್ಕೆ ಬರಲು ಬೇಕಾದಷ್ಟು ವರ್ಷ ಕಾಯುವ ತಾಳ್ಮೆ ಅವುಗಳಿಗಿಲ್ಲ. ಡಿಕಿಯವರಿಗೆ ಆ ಕಾಲಾವಕಾಶ ಸಿಕ್ಕಿದ್ದು ಬೇರೆ ಯಾವ ದಾರಿಯೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಅವರ ನಂತರ ಬಾಸ್ಟನ್‌ನ ಸ್ಟೀವನ್ ರೈಟ್ 2016ರಲ್ಲಿ ಲೀಗಿನ ಶ್ರೇಷ್ಠ ಆಟಗಾರರ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದರು. 2023ರಲ್ಲಿ ಸ್ಯಾನ್ ಡಿಯೆಗೊ ಪ್ಯಾಡ್ರೆಸ್ ಪರ ಮೇಜರ್ ಲೀಗಿಗೆ ಬಂದ ಮ್ಯಾಟ್ ವಾಲ್ಡ್ರನ್ ಅದನ್ನು ಇತರ ಎಸೆತಗಳೊಡನೆ ಬೆರೆಸಿ ಬಳಸುತ್ತಾರೆ. ನಿಮಗೆ ಆಸಕ್ತಿಯಿದ್ದರೆ ವಾಲ್ಡ್ರನ್ ಅವರ ಎಸೆತಗಳನ್ನು ನಿಧಾನಗತಿಯ ದೃಶ್ಯಗಳಲ್ಲಿ ನೋಡಿ. ಚೆಂಡಿನ ಹೊಲಿಗೆ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಅದು ತಿರುಗದೆ ಬರುತ್ತದೆ.